ಬೆಂಗಳೂರೋ ಮೈಸೂರೋ: ಊರು ಬದಲಿಸುವ ಮುಂಚೆ ಹಾಕಬೇಕಾದ ಲೆಕ್ಕ

ಬೆಂಗಳೂರು ಬಿಟ್ಟು ಮೈಸೂರಿಗೆ ಬಂದಿದ್ದು 2023ರ ಜೂನ್‌ನಲ್ಲಿ. ಅವತ್ತಿನಿಂದ ಪರಿಚಯದವರು ಯಾರಾದರೂ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತಾರೆ. "ಅಲ್ಲಿ ಹೇಗಿದೆ? ಬಂದುಬಿಡೋಣ ಅಂತಿದ್ದೀವಿ." ಮೊದಮೊದಲು "ಬನ್ನಿ ಬನ್ನಿ, ಆರಾಮಾಗಿದೆ" ಅನ್ನುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. "ನಿಮ್ಮ ಮನೇಲಿ ಯಾರ್‍ಯಾರು ಇದ್ದೀರಾ?" ಅಂತ ನಾನೇ ತಿರುಗಿ ಕೇಳುತ್ತೇನೆ. ಯಾಕೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಊರು ಹೋಲಿಸಬೇಕು ಅಂದ ತಕ್ಷಣ ಎಲ್ಲರೂ ಮೊದಲು ಹುಡುಕುವುದು ರ್‍ಯಾಂಕ್ ಪಟ್ಟಿ. ನಾನೂ ಅದನ್ನೇ ಮಾಡಿದೆ. 2021ರ ಮಾರ್ಚ್‌ನಲ್ಲಿ ಕೇಂದ್ರದ ವಸತಿ ಮತ್ತು ನಗರ ವ್ಯವಹಾರಗಳ ಸಚಿವಾಲಯ 111 ನಗರಗಳ 'ಸುಲಲಿತ ಜೀವನ' ಸೂಚ್ಯಂಕ ಬಿಡುಗಡೆ ಮಾಡಿತ್ತು. ಹತ್ತು ಲಕ್ಷಕ್ಕಿಂತ ಜಾಸ್ತಿ ಜನ ಇರುವ ನಗರಗಳಲ್ಲಿ ಬೆಂಗಳೂರಿಗೇ ಮೊದಲ ಸ್ಥಾನ. ಅಂಕ 66.70. ಅದೇ ದಿನ ಅದೇ ಸಚಿವಾಲಯ ಇನ್ನೊಂದು ಪಟ್ಟಿಯನ್ನೂ ಕೊಟ್ಟಿತು, ಪಾಲಿಕೆಗಳು ಹೇಗೆ ಕೆಲಸ ಮಾಡುತ್ತಿವೆ ಅಂತ. ಅದರಲ್ಲಿ ಬೆಂಗಳೂರು 31ನೇದು. ಟಾಮ್‌ಟಾಮ್ ಕಂಪನಿಯ 2024ರ ಟ್ರಾಫಿಕ್ ಪಟ್ಟಿ ನೋಡಿದರೆ, ಜಗತ್ತಿನಲ್ಲೇ ಅತಿ ನಿಧಾನವಾಗಿ ವಾಹನ ಓಡುವ ನಗರಗಳಲ್ಲಿ ಬೆಂಗಳೂರು ಮೂರನೇದು.

ಮೂರೂ ಸುಳ್ಳಲ್ಲ. ಒಂದೊಂದು ಪಟ್ಟಿ ಒಂದೊಂದು ವಿಷಯ ಅಳೆದಿದೆ, ಅಷ್ಟೇ. ದಾವಣಗೆರೆಯನ್ನೇ ನೋಡಿ. ಅದೇ ಸೂಚ್ಯಂಕದ ಸಣ್ಣ ನಗರಗಳ ಗುಂಪಿನಲ್ಲಿ ಅದಕ್ಕೆ ಒಂಬತ್ತನೇ ಸ್ಥಾನ. ಆದರೆ ಗಾಳಿಯ ಗುಣಮಟ್ಟ ಮಿತಿಯೊಳಗೆ ಇಲ್ಲ ಅಂತ ಕೇಂದ್ರದ ಶುದ್ಧ ಗಾಳಿ ಕಾರ್ಯಕ್ರಮ ಗುರುತಿಸಿದ ಕರ್ನಾಟಕದ ನಾಲ್ಕು ಕಡೆಗಳಲ್ಲೂ ದಾವಣಗೆರೆ ಇದೆ. ಉಳಿದ ಮೂರು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ಕಲಬುರಗಿ. ಮಗುವಿಗೆ ವೀಸಿಂಗ್ ಇರುವ ಮನೆಯವರಿಗೆ ಆ ಒಂಬತ್ತನೇ ಸ್ಥಾನದಿಂದ ಏನಾಗಬೇಕು?

ಜಗತ್ತಿನ ದೊಡ್ಡ ಪಟ್ಟಿಗಳ ಹಿನ್ನೆಲೆ ಗೊತ್ತಾದಾಗಲಂತೂ ನನಗೆ ಆಶ್ಚರ್ಯವೇ ಆಯಿತು. ಮರ್ಸರ್ ಕಂಪನಿಯ ಜೀವನ ಗುಣಮಟ್ಟದ ಪಟ್ಟಿಯಲ್ಲಿ 2019ರವರೆಗೆ ವರ್ಷಗಟ್ಟಲೆ ವಿಯೆನ್ನಾ ಮೊದಲು ಬರುತ್ತಿತ್ತು. ಆ ವರ್ಷ ಬೆಂಗಳೂರು 149ನೇದು. ಈ ಪಟ್ಟಿ ಇರುವುದೇ ಕಂಪನಿಗಳಿಗಾಗಿ. ಉದ್ಯೋಗಿಯನ್ನು ಬೇರೆ ದೇಶಕ್ಕೆ ಕಳಿಸಿದಾಗ ಅಲ್ಲಿನ ಕಷ್ಟಕ್ಕೆ ಎಷ್ಟು ಭತ್ಯೆ ಕೊಡಬೇಕು ಅನ್ನುವ ಲೆಕ್ಕಕ್ಕೆ. ಎಕನಾಮಿಸ್ಟ್ ಇಂಟೆಲಿಜೆನ್ಸ್ ಯುನಿಟ್ ಅನ್ನುವ ಸಂಸ್ಥೆಯೂ 173 ನಗರಗಳ ಇಂಥದ್ದೇ ಪಟ್ಟಿ ಮಾಡುತ್ತದೆ. 2025ರಲ್ಲಿ ಅಲ್ಲಿ ಕೋಪನ್‌ಹೇಗನ್ ಮೊದಲು. ನೂರಕ್ಕೆ 80 ಅಂಕ ದಾಟಿದ ನಗರಕ್ಕೆ ಭತ್ಯೆ ಬೇಡ, 50ಕ್ಕಿಂತ ಕಡಿಮೆ ಇದ್ದರೆ ಸಂಬಳದ ಶೇ. 20ರಷ್ಟು ಕೊಡಿ ಅನ್ನುವುದು ಅವರ ಸಲಹೆ. ಬಾಡಿಗೆ, ದಿನಸಿಯ ಖರ್ಚು ಈ ಅಂಕಗಳಲ್ಲಿ ಸೇರುವುದೇ ಇಲ್ಲ. ಅದಕ್ಕೆ ಅವರು ಬೇರೆಯೇ ಸಮೀಕ್ಷೆ ಮಾಡುತ್ತಾರೆ. ಕಂಪನಿ ದುಡ್ಡಲ್ಲಿ ಎರಡು ವರ್ಷ ಇದ್ದು ಹೋಗುವವರ ಲೆಕ್ಕ ಇದು. ಅಮ್ಮನ ಬಿಪಿ ಮಾತ್ರೆ, ಮಗಳ ಟ್ಯೂಷನ್, ಹೆಂಡತಿಯ ಕೆಲಸ ಎಲ್ಲಾ ಜೊತೆಗೆ ಕಟ್ಟಿಕೊಂಡು ಹೋಗುವವರ ಲೆಕ್ಕ ಅಲ್ಲ.

ನಮ್ಮ ಸರ್ಕಾರದ್ದು ಇನ್ನೂ ಸರಳ. ಕೇಂದ್ರ ಸರ್ಕಾರಿ ನೌಕರರ ಮನೆ ಬಾಡಿಗೆ ಭತ್ಯೆಗೆ ಊರುಗಳನ್ನು ಎಕ್ಸ್, ವೈ, ಝಡ್ ಅಂತ ಮೂರು ಭಾಗ ಮಾಡಿದ್ದಾರೆ. ಅಳತೆ ಜನಸಂಖ್ಯೆ ಒಂದೇ. 50 ಲಕ್ಷ ದಾಟಿದ್ದಕ್ಕೆ ಮೂಲ ವೇತನದ ಶೇ. 30, ಐದು ಲಕ್ಷ ದಾಟಿದ್ದಕ್ಕೆ ಶೇ. 20, ಉಳಿದದ್ದಕ್ಕೆ ಶೇ. 10. ಹಾಗಾಗಿ ಬೆಂಗಳೂರು ಎಕ್ಸ್. ಮೈಸೂರು, ಮಂಗಳೂರು, ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿ ಎಲ್ಲವೂ ವೈ. ಮಂಗಳೂರಿನ ಮಳೆಗಾಲವೂ ಕಲಬುರಗಿಯ ಮೇ ತಿಂಗಳೂ ಒಂದೇ ಸಾಲಲ್ಲಿ.

ನಾವು ಹೊರಡುವ ಮುಂಚೆ ಮಗಳ ಹಳೇ ನೋಟ್‌ಬುಕ್ ಒಂದರಲ್ಲಿ ಎರಡು ಕಾಲಂ ಎಳೆದಿದ್ದೆ. ಎಡಕ್ಕೆ ಬೆಂಗಳೂರು, ಬಲಕ್ಕೆ ಮೈಸೂರು. ಮೊದಲು ಬರೆದಿದ್ದು ದುಡ್ಡು.

ಬರೆಯುತ್ತಾ ಹೋದ ಹಾಗೆ ಒಂದು ವಿಷಯ ಗೊತ್ತಾಯಿತು. ಮನೆಯ ಅರ್ಧ ಖರ್ಚು ಯಾವ ಊರಿಗೆ ಹೋದರೂ ಹೆಚ್ಚುಕಡಿಮೆ ಅಷ್ಟೇ. ನಂದಿನಿ ಹಾಲು, ಗ್ಯಾಸ್, ಪೆಟ್ರೋಲ್, ಮೊಬೈಲ್ ರೀಚಾರ್ಜ್, ಆನ್‌ಲೈನ್‌ನಲ್ಲಿ ತರಿಸುವ ಬಟ್ಟೆ, ಇನ್ಶೂರೆನ್ಸ್ ಕಂತು, ಯಾವುದೂ ಊರು ನೋಡಿ ಅಷ್ಟೊಂದು ಬದಲಾಗುವುದಿಲ್ಲ. ಕರೆಂಟಿನಲ್ಲೂ ಹಾಗೇ. ಬೆಂಗಳೂರಲ್ಲಿ ಬೆಸ್ಕಾಂ, ಇಲ್ಲಿ ಸೆಸ್ಕ್ ಅಂತ ಹೆಸರು ಬೇರೆ, ಗೃಹಜ್ಯೋತಿ ಎರಡೂ ಕಡೆ ಇದೆ. ನಿಜವಾಗಿ ಬದಲಾಗುವುದು ಬಾಡಿಗೆ, ಮನೆಕೆಲಸದವರ ಸಂಬಳ, ಓಡಾಟದ ಖರ್ಚು, ಸ್ಕೂಲಿನ ಫೀಸು. 'ಮೈಸೂರಲ್ಲಿ ಎಲ್ಲಾ ಅಗ್ಗ' ಅನ್ನುವ ಮಾತು ಈ ನಾಲ್ಕರ ಮೇಲೆ ನಿಂತಿದೆ.

ಇಲ್ಲೊಂದು ಎಚ್ಚರಿಕೆ. ಬೆಲೆ ಸೂಚ್ಯಂಕ ನೋಡಿ 'ಈ ಊರು ದುಬಾರಿ, ಆ ಊರು ಅಗ್ಗ' ಅಂತ ಲೆಕ್ಕ ಹಾಕುವವರಿದ್ದಾರೆ. ಅದು ತಪ್ಪು. ಗ್ರಾಹಕ ಬೆಲೆ ಸೂಚ್ಯಂಕ ಹೇಳುವುದು ಒಂದು ಕಡೆ ಬೆಲೆ ಮೊದಲಿಗಿಂತ ಎಷ್ಟು ಏರಿದೆ ಅಂತ ಮಾತ್ರ. ಅಗ್ಗದ ಊರಲ್ಲಿ ಬೆಲೆ ಬೇಗ ಏರಿದರೆ ಅಲ್ಲಿನ ಸಂಖ್ಯೆ ದುಬಾರಿ ಊರಿನದ್ದಕ್ಕಿಂತ ದೊಡ್ಡದಾಗಿ ಕಾಣಬಹುದು.

ನಮ್ಮ ಲೆಕ್ಕ ಹೀಗಿತ್ತು. ಬೆಂಗಳೂರಿನ ಅಂಚಿನ ವರ್ತೂರು ಕಡೆ ಎರಡು ಬೆಡ್‌ರೂಮಿನ ಫ್ಲ್ಯಾಟಿಗೆ ಬಾಡಿಗೆ 28,000, ಮೇಂಟೆನೆನ್ಸ್ 4,000. ಮೈಸೂರಿನ ಕುವೆಂಪುನಗರದ ಮನೆಗೆ 15,000. ಅಲ್ಲಿಗೆ ತಿಂಗಳಿಗೆ 17,000 ಉಳಿತಾಯ. ಮನೆಕೆಲಸದವರ ಸಂಬಳದಲ್ಲಿ 1,500, ಪೆಟ್ರೋಲು ಮತ್ತು ಕ್ಯಾಬಿನಲ್ಲಿ 3,000. ಒಟ್ಟು 21,500 ಉಳಿಯುತ್ತೆ ಅಂತ ಖುಷಿಯಿಂದ ಅಡಿಗೆರೆ ಹಾಕಿದೆ. ನನ್ನ ಕೆಲಸಕ್ಕೆ ತೊಂದರೆ ಇರಲಿಲ್ಲ. ವಾರಕ್ಕೆ ಒಂದು ದಿನ ಬೆಂಗಳೂರಿನ ಆಫೀಸಿಗೆ ಹೋದರೆ ಸಾಕಿತ್ತು.

ಆ ಪುಟದಲ್ಲಿ ಇಲ್ಲದ್ದು ನನ್ನ ಹೆಂಡತಿಯ ಸಂಬಳ. ಅಲ್ಲಿ ಅಕೌಂಟ್ಸ್ ಕೆಲಸದಲ್ಲಿ ಅವಳಿಗೆ 42,000 ಬರುತ್ತಿತ್ತು. 'ಇಲ್ಲೂ ಸಿಗುತ್ತೆ ಬಿಡು' ಅಂದುಕೊಂಡೆವು. ಸಿಕ್ಕಿತು, ಏಳು ತಿಂಗಳ ಮೇಲೆ, 26,000ಕ್ಕೆ. ಅಂದರೆ ತಿಂಗಳಿಗೆ 16,000 ಕಡಿಮೆ. ನನ್ನ ಬೆಂಗಳೂರು ಓಡಾಟ, ಆಗಾಗ ಅಲ್ಲೇ ಉಳಿದುಕೊಳ್ಳುವುದು ಸೇರಿ 4,500. ಈಗ ಕೂಡಿ ಕಳೆಯಿರಿ. ಕೈಯಲ್ಲಿ ಉಳಿದಿದ್ದು ತಿಂಗಳಿಗೆ 1,000 ರೂಪಾಯಿ. ಸಂಬಳ ಇಲ್ಲದ ಆ ಏಳು ತಿಂಗಳಲ್ಲಿ ಹೋಗಿದ್ದು 2,94,000. ಸಾವಿರದ ಲೆಕ್ಕದಲ್ಲಿ ಅದು ತುಂಬಲು 294 ತಿಂಗಳು ಬೇಕು. ಇಪ್ಪತ್ತನಾಲ್ಕೂವರೆ ವರ್ಷ.

"ಊರು ನಿಮಗೆ ಸಿಕ್ತು ರೀ, ನನ್ನ ಕೆಲಸ ಅಲ್ಲೇ ಉಳೀತು" ಅಂತ ಒಂದು ರಾತ್ರಿ ಅವಳು ಹೇಳಿದಳು. ಜಗಳಕ್ಕೆ ಹೇಳಿದ್ದಲ್ಲ. ನನಗೆ ಉತ್ತರ ಇರಲಿಲ್ಲ. ಬೆಂಗಳೂರಿನ ದೊಡ್ಡ ಅನುಕೂಲ ಮೊದಲ ಕೆಲಸ ಸಿಗುವುದಲ್ಲ. ಒಂದು ಹೋದರೆ ಎರಡನೇದು ಸಿಗುವುದು, ಗಂಡ ಹೆಂಡತಿ ಇಬ್ಬರಿಗೂ ಒಂದೇ ಊರಲ್ಲಿ ಸಿಗುವುದು. 'ಬಿಯಾಂಡ್ ಬೆಂಗಳೂರು' ಅಂತ ಸರ್ಕಾರ ಮೈಸೂರು, ಮಂಗಳೂರು, ಹುಬ್ಬಳ್ಳಿ ಕಡೆ ಕಂಪನಿಗಳನ್ನು ಕರೆಯುತ್ತಿದೆ, ಒಳ್ಳೆಯದೇ. ಆದರೆ ಒಂದು ಊರಲ್ಲಿ ನಿಮ್ಮ ವೃತ್ತಿಗೆ ಎರಡೇ ಬಾಗಿಲು ಇದ್ದರೆ ಸಂಬಳದ ಮಾತಾಡುವಾಗ ನಿಮ್ಮ ದನಿ ತಾನಾಗಿ ತಗ್ಗುತ್ತದೆ.

ದುಡ್ಡಲ್ಲಿ ಗೆಲ್ಲದಿದ್ದರೂ ನಾವು ವಾಪಸ್ ಹೋಗಲಿಲ್ಲ. ಅದಕ್ಕೆ ಕಾರಣ ಹೊತ್ತು.

ಟಾಮ್‌ಟಾಮ್‌ನ 2024ರ ಲೆಕ್ಕದಲ್ಲಿ ಬೆಂಗಳೂರಲ್ಲಿ 10 ಕಿ.ಮೀ. ಹೋಗಲು ಸರಾಸರಿ 34 ನಿಮಿಷ 10 ಸೆಕೆಂಡ್. ಆಫೀಸು 15 ಕಿ.ಮೀ. ದೂರ ಇದೆ ಅಂದುಕೊಳ್ಳಿ. ಹೋಗಿ ಬರಲು ದಿನಕ್ಕೆ 102 ನಿಮಿಷ. ತಿಂಗಳಿಗೆ 22 ದಿನ ಅಂದರೆ 37 ಗಂಟೆಗೂ ಜಾಸ್ತಿ. ಪ್ರತಿ ತಿಂಗಳು ಒಂದೂವರೆ ದಿನ, ಹಗಲು ರಾತ್ರಿ ಸೇರಿಸಿ, ಸ್ಟಿಯರಿಂಗ್ ಹಿಂದೆ. ಅದಕ್ಕಿಂತಲೂ ಸುಸ್ತು ಮಾಡುವುದು ನಾಳೆ ಎಷ್ಟು ಹೊತ್ತಾಗುತ್ತೋ ಗೊತ್ತಿಲ್ಲ ಅನ್ನುವುದು. ಒಂದು ದಿನ 40 ನಿಮಿಷ, ಮಾರನೇ ದಿನ ಮಳೆ ಬಂದರೆ ಎರಡು ಗಂಟೆ. ಮನೆಯಲ್ಲಿ 'ಏಳಕ್ಕೆ ಬರ್ತೀನಿ' ಅಂತ ಹೇಳುವ ಧೈರ್ಯವೇ ಇರುವುದಿಲ್ಲ.

ಆದರೆ ಇದೂ ಎಲ್ಲರಿಗೂ ಒಂದೇ ಅಲ್ಲ. ನಾವು ಬಂದ ನಾಲ್ಕು ತಿಂಗಳಿಗೆ, 2023ರ ಅಕ್ಟೋಬರ್ 9ಕ್ಕೆ, ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ನೇರಳೆ ಮೆಟ್ರೋ ಪೂರ್ತಿ ಓಡತೊಡಗಿತು. ನನ್ನ ಗೆಳೆಯನೊಬ್ಬ ಕೆಂಗೇರಿಯಲ್ಲಿ ಸ್ಟೇಷನ್ ಪಕ್ಕ ಮನೆ ಮಾಡಿದ್ದಾನೆ. ವೈಟ್‌ಫೀಲ್ಡ್ ತಲುಪಲು ಒಂದೂವರೆ ಗಂಟೆ ಹತ್ತಿರ ಬೇಕು. ಆದರೆ ಸೀಟು ಸಿಗುತ್ತೆ, ಓದುತ್ತಾನೆ, ಎಷ್ಟು ಹೊತ್ತಿಗೆ ತಲುಪುತ್ತೇನೆ ಅಂತ ಗೊತ್ತಿರುತ್ತೆ. ಅವನೂ ನಾನೂ ಒಂದೇ ಬೆಂಗಳೂರಲ್ಲಿ ಇದ್ದೆವು ಅಂತ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಇನ್ನು ಮೈಸೂರಿನಿಂದ ದಿನಾ ಬೆಂಗಳೂರಿಗೆ ಹೋಗಿ ಬರಬಹುದು ಅಂದುಕೊಂಡವರಿಗೆ ಒಂದು ಮಾತು. 2023ರ ಮಾರ್ಚ್‌ನಲ್ಲಿ ಹೆದ್ದಾರಿ ಉದ್ಘಾಟನೆಯಾದಾಗ ಎಲ್ಲರ ಬಾಯಲ್ಲೂ '75 ನಿಮಿಷ' ಇತ್ತು. ಅದು ಕೆಂಗೇರಿ ಕಡೆ ಮುಟ್ಟುವ ಲೆಕ್ಕ. ಅಲ್ಲಿಂದ ಆಫೀಸಿಗೆ ಹೋಗುವುದು ಬೇರೆ ಪ್ರಯಾಣ. ಬೆಳಗಿನ ಚಾಮುಂಡಿ ಎಕ್ಸ್‌ಪ್ರೆಸ್‌ನಲ್ಲಿ ಸೀಸನ್ ಪಾಸ್‌ನವರನ್ನು ನೋಡಿದ್ದೇನೆ. ಸ್ನೇಹ, ಹರಟೆ, ಹಂಚಿಕೊಂಡು ತಿನ್ನುವ ತಿಂಡಿ, ಎಲ್ಲಾ ಚೆನ್ನಾಗಿದೆ. ಆದರೆ ಮನೆಗೂ ರೈಲಿಗೂ ನಡುವೆ ಅವರಿಗೆ ಉಳಿಯುವುದು ನಿದ್ದೆಯ ಹೊತ್ತು ಮಾತ್ರ. ವಾರಕ್ಕೆ ಒಂದು ದಿನವಾದರೆ ಸರಿ, ಎರಡಾದರೂ ನಡೆಯುತ್ತೆ. ಐದು ದಿನ ಬೇಡ.

ಈಗ ನೀರು. ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಯಾಕೆಂದರೆ ಊರಿನ ಹೆಸರು ಎಷ್ಟು ಮೋಸ ಮಾಡುತ್ತೆ ಅಂತ ನನಗೆ ಗೊತ್ತಾಗಿದ್ದು ನೀರಿನಿಂದ.

ಮೈಸೂರಿನ ಪಕ್ಕದಲ್ಲೇ ಕೆಆರ್‌ಎಸ್ ಇದೆ, ಕಬಿನಿ ಇದೆ. ಬೆಂಗಳೂರಿಗೆ ಕಾವೇರಿ ಬರಬೇಕಾದರೆ ಸುಮಾರು ನೂರು ಕಿ.ಮೀ. ದೂರದಿಂದ, ಅರ್ಧ ಕಿ.ಮೀ.ನಷ್ಟು ಎತ್ತರಕ್ಕೆ ಪಂಪ್ ಮಾಡಬೇಕು. ಹಾಗಾದರೆ ಮೈಸೂರಲ್ಲಿ ನೀರಿನ ಚಿಂತೆ ಇಲ್ಲ ಅಲ್ವಾ? ನಾನೂ ಹಾಗೇ ಅಂದುಕೊಂಡು ಮನೆ ನೋಡಲು ಬಂದೆ. ಬ್ರೋಕರ್ ಮೊದಲು ತೋರಿಸಿದ್ದು ರಿಂಗ್ ರೋಡ್ ಆಚೆಗಿನ ಒಂದು ಖಾಸಗಿ ಬಡಾವಣೆಯ ಮನೆ. ಹೊಸದು, ಗಾಳಿ ಬೆಳಕು ಚೆನ್ನಾಗಿದೆ, ಮುಂದೆ ಒಂದು ಹೊಂಗೆ ಮರ. "ಕಾವೇರಿ ಕನೆಕ್ಷನ್ ಇದೆ ಸಾರ್" ಅಂದ. ಅಮ್ಮ ಸೀದಾ ಬಚ್ಚಲಿಗೆ ಹೋದರು. ನಲ್ಲಿಯ ಬಾಯಿಗೆ ಬೆರಳು ಹಾಕಿ ಉಜ್ಜಿದರು. ಬಿಳೀ ಪುಡಿ ಉದುರಿತು. ಬಕೆಟ್‌ನ ಒಳಗೂ ಬಿಳೀ ಗೆರೆ, ಸುಣ್ಣ ಬಳಿದ ಹಾಗೆ. "ಇದು ಬೋರ್ ನೀರು ಕಣೋ" ಅಂದರು. ಪಕ್ಕದ ಮನೆಯ ಹೆಂಗಸನ್ನು ಕೇಳಿದೆವು. "ಕನೆಕ್ಷನ್ ಇದೆ, ನೀರಿಲ್ಲ. ಬೇಳೆ ಬೇಯಲ್ಲ ಇದರಲ್ಲಿ. ಕುಡಿಯೋಕೆ ಕ್ಯಾನ್ ತರಿಸ್ತೀವಿ" ಅಂದರು.

ಅಂದರೆ ಕಾವೇರಿಗೆ ಇಷ್ಟು ಹತ್ತಿರದ ಊರಲ್ಲೂ ಬೋರ್ ನೀರು. ಬೆಂಗಳೂರಿನ ಕಥೆಯೂ ಇದೇ. 2007ರಲ್ಲಿ 110 ಹಳ್ಳಿಗಳನ್ನು ಬಿಬಿಎಂಪಿಗೆ ಸೇರಿಸಿದರು. ಅಲ್ಲಿಗೆ ಅಂತ ಇದ್ದ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನ ಯೋಜನೆ, ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ. ನಡುವೆ 17 ವರ್ಷ. ಅಷ್ಟು ಕಾಲ ಆ ಜನ ಬೆಂಗಳೂರಿನವರೇ, ತೆರಿಗೆ ಕಟ್ಟುವವರೇ, ನೀರು ಮಾತ್ರ ಟ್ಯಾಂಕರ್‌ನದ್ದು. 2024ರ ಬೇಸಿಗೆಯಲ್ಲಿ ಬೋರ್‌ಗಳು ಬತ್ತಿದಾಗ ದೇಶವೆಲ್ಲ 'ಬೆಂಗಳೂರಿಗೆ ನೀರಿಲ್ಲ' ಅಂತ ಮಾತಾಡಿತು. ಮೊದಲು ಏಟು ಬಿದ್ದಿದ್ದು ಟ್ಯಾಂಕರ್ ನಂಬಿದ್ದ ಈ ಅಂಚಿನ ಜಾಗಗಳಿಗೆ.

ಯಾಕೆ ಹೀಗೆ ಅಂತ ನೋಡಿದರೆ ಬಡಾವಣೆಯ ವಯಸ್ಸಿಗೆ ಬಂದು ನಿಲ್ಲುತ್ತೇವೆ. ಬೆಂಗಳೂರಿನ ಮಲ್ಲೇಶ್ವರ, ಬಸವನಗುಡಿ ಬೆಳೆದದ್ದು 1898ರ ಪ್ಲೇಗಿನ ಆಸುಪಾಸಿನಲ್ಲಿ. ಮೈಸೂರಲ್ಲಿ 1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯಿತು. ಇಕ್ಕಟ್ಟಿನಲ್ಲಿ ರೋಗ ಹರಡುತ್ತೆ ಅನ್ನುವ ಭಯ ಆ ಕಾಲದವರಿಗೆ ಚೆನ್ನಾಗಿಯೇ ಕೂತಿತ್ತು. ಹಾಗಾಗಿ ಮೊದಲು ರಸ್ತೆ, ಚರಂಡಿ, ಪಾರ್ಕು. ಆಮೇಲೆ ಮನೆ. ಇತ್ತೀಚಿನ ಎಷ್ಟೋ ಬಡಾವಣೆಗಳಲ್ಲಿ ಇದು ತಲೆಕೆಳಗು. ಮೊದಲು ಸೈಟು ಮಾರಾಟ, ಆಮೇಲೆ ಮನೆ, ಪೈಪು ಯಾವಾಗಲೋ. 2015ರಲ್ಲಿ ಬಂದ ಸ್ವಚ್ಛತೆಯ ಪಟ್ಟಿಯಲ್ಲೂ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲೂ ಮೈಸೂರು ಮೊದಲು ಬಂದಿದ್ದರ ಹಿಂದೆ ಪೌರಕಾರ್ಮಿಕರ ದುಡಿಮೆ ಇದೆ. ಜೊತೆಗೆ ಹಿಂದಿನವರು ಬಿಟ್ಟುಹೋದ ಅಗಲವಾದ ರಸ್ತೆಗಳೂ ಇವೆ ಅಂತ ನನ್ನ ನಂಬಿಕೆ. ರಿಂಗ್ ರೋಡ್ ಆಚೆ ಆ ಆಸ್ತಿ ನಿಮಗೆ ಸಿಗುವುದಿಲ್ಲ. ಅಲ್ಲಿನ ಬದುಕು ಕುವೆಂಪುನಗರಕ್ಕಿಂತ ವರ್ತೂರಿನ ಬದುಕಿಗೇ ಹತ್ತಿರ. ಜಯನಗರದ ಹಳೇ ಬ್ಲಾಕಿನಲ್ಲಿ ಇರುವವರು ಮೈಸೂರಿನ ಅಂಚಿಗೆ ಹೋದರೆ ಬಹುಪಾಲು ವಿಷಯದಲ್ಲಿ ಕಳೆದುಕೊಳ್ಳುತ್ತಾರೆ.

ಆಸ್ಪತ್ರೆಯ ಲೆಕ್ಕವೂ ಬೇರೆ ಥರ. ನೀರು, ಟ್ರಾಫಿಕ್ ದಿನದಿನದ್ದು. ಆಸ್ಪತ್ರೆ ವರ್ಷಕ್ಕೆ ಒಂದು ರಾತ್ರಿಯದ್ದು, ಆದರೆ ಆ ಒಂದು ರಾತ್ರಿ ಎಲ್ಲವನ್ನೂ ತೀರ್ಮಾನಿಸಬಹುದು. ಉತ್ತರ ಕನ್ನಡದಷ್ಟು ಚೆಂದದ ಗಾಳಿ, ಕಾಡು, ಕಡಲು ಎಲ್ಲಿದೆ? ಆದರೆ ಅಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾಕ್ಕೆ ಕರೆದುಕೊಂಡು ಹೋಗಬೇಕು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ 2022ರಲ್ಲಿ ಆ ಜಿಲ್ಲೆಯ ಜನ ದೊಡ್ಡದಾಗಿ ದನಿ ಎತ್ತಿದ್ದು ಸುಮ್ನೆ ಅಲ್ಲ. ನಿವೃತ್ತಿ ಆದಮೇಲೆ ಊರ ಕಡೆ ಹೋಗಿ ಇರುತ್ತೇವೆ ಅನ್ನುವವರು ಈ ಒಂದು ದೂರವನ್ನು ಕಿಲೋಮೀಟರಲ್ಲಿ ಅಲ್ಲ, ರಾತ್ರಿ ಎರಡು ಗಂಟೆಯ ನಿಮಿಷಗಳಲ್ಲಿ ಅಳೆಯಬೇಕು. ಮೈಸೂರಿನಲ್ಲಿ ಜಯದೇವ ಹೃದ್ರೋಗ ಆಸ್ಪತ್ರೆಯ ಶಾಖೆ ಇದೆ. ಅಮ್ಮನ ಹೃದಯದ ಚಿಂತೆ ಇದ್ದ ನಮಗೆ ಅದು ದೊಡ್ಡ ಧೈರ್ಯ ಕೊಟ್ಟಿತು. ನಿಮ್ಹಾನ್ಸ್‌ಗೆ ಹೋಗುತ್ತಿರುವವರು, ಕಿದ್ವಾಯಿಯಲ್ಲಿ ಚಿಕಿತ್ಸೆ ನಡೆಯುತ್ತಿರುವವರು ಬೆಂಗಳೂರು ಬಿಡುವ ಮುಂಚೆ ಎರಡು ಸಲ ಯೋಚಿಸಲಿ.

ಅಮ್ಮನ ಬಗ್ಗೆ ಹೇಳದೆ ಈ ಬರಹ ಮುಗಿಯುವುದಿಲ್ಲ. ವರ್ತೂರಿನ ಮನೆ ಆರನೇ ಮಹಡಿಯಲ್ಲಿತ್ತು. ಗೇಟಿನ ಆಚೆ ಫುಟ್‌ಪಾತ್ ಇರಲಿಲ್ಲ, ಟಿಪ್ಪರ್ ಲಾರಿಗಳ ಓಡಾಟ. ನಾಲ್ಕು ವರ್ಷದಲ್ಲಿ ಅವರು ಒಬ್ಬರೇ ಗೇಟು ದಾಟಿದ್ದು ನನಗೆ ನೆನಪಿಲ್ಲ. ಇಲ್ಲಿಗೆ ಬಂದ ಎರಡನೇ ವಾರ ಸಂಜೆ ಮನೆಯಲ್ಲಿ ಅಮ್ಮ ಕಾಣಲಿಲ್ಲ. ಗಾಬರಿಯಿಂದ ಹೊರಗೆ ಬಂದರೆ, ರಸ್ತೆಯ ತುದಿಯಲ್ಲಿ ತಳ್ಳುಗಾಡಿ ಪಕ್ಕ ನಿಂತು ದಂಟಿನ ಸೊಪ್ಪಿನ ಕಟ್ಟು ಬಿಚ್ಚಿ ನೋಡುತ್ತಿದ್ದಾರೆ. ಗಾಡಿಯವನ ಹತ್ತಿರ ಅವನ ಊರು ಯಾವುದು ಅಂತ ವಿಚಾರಿಸುತ್ತಿದ್ದಾರೆ. "ಇಷ್ಟು ಹತ್ರಕ್ಕೆ ಯಾಕೋ ನೀನು, ನಾನೇ ತರ್ತೀನಿ" ಅಂದರು. ಎಪ್ಪತ್ತೆರಡು ವರ್ಷದವರೊಬ್ಬರು ಯಾರ ಕೈಯೂ ಹಿಡಿಯದೆ, ತಮ್ಮ ಭಾಷೆಯಲ್ಲಿ ಚೌಕಾಸಿ ಮಾಡಿ, ಸೊಪ್ಪು ತಂದರು. ಇದಕ್ಕೆ ಯಾವ ಸೂಚ್ಯಂಕದಲ್ಲಿ ಎಷ್ಟು ಅಂಕ ಕೊಡುತ್ತಾರೋ. ನಮ್ಮ ಮನೆಯಲ್ಲಿ ಆ 1,000 ರೂಪಾಯಿಗಿಂತ ಇದು ತುಂಬಾ ದೊಡ್ಡದು.

ಮಗಳದ್ದು ಇನ್ನೊಂದು ಥರ. ಅವಳ ಗೆಳತಿಯರೆಲ್ಲ ಬೆಂಗಳೂರಲ್ಲಿ. ರಾತ್ರಿ ಒಂಬತ್ತಕ್ಕೆಲ್ಲ ನಮ್ಮ ರಸ್ತೆ ಮಲಗಿಬಿಡುತ್ತೆ. ನಮಗೆ ನೆಮ್ಮದಿ ಅನ್ನಿಸುವುದು ಅವಳಿಗೆ ಬೋರು.

ಹೋಗಬೇಕೋ ಬೇಡವೋ ಅಂತ ಕೇಳುವವರಿಗೆ ನಾನು ಈಗ ಹೇಳುವುದು ಇಷ್ಟು. ಬೆಂಗಳೂರಿನ ಮನೆ ಮಾರಬೇಡಿ, ಇಲ್ಲಿ ಮನೆ ಕೊಳ್ಳಬೇಡಿ. ಒಂದು ವರ್ಷ ಬಾಡಿಗೆಗೆ ಇರಿ. ಅದಕ್ಕೂ ಮುಂಚೆ ಒಂದು ವಾರ ಬಂದು ಉಳಿಯಿರಿ. ದಸರಾ ರಜೆಯಲ್ಲಿ ಬೇಡ, ಏಪ್ರಿಲ್ ಕೊನೆಯಲ್ಲಿ, ಕೆಲಸದ ದಿನಗಳಲ್ಲಿ. ಮಂಗಳೂರಾದರೆ ಜುಲೈನಲ್ಲಿ. ಬ್ರೋಕರ್ ಬಿಟ್ಟು ಬೇರೆಯವರನ್ನು ಮಾತಾಡಿಸಿ. ಇಸ್ತ್ರಿ ಅಂಗಡಿಯವರಿಗೆ ಯಾವ ಮನೆ ಯಾಕೆ ಖಾಲಿಯಾಯಿತು ಅಂತ ಗೊತ್ತಿರುತ್ತೆ. ಸ್ಕೂಲ್ ಆಟೋದವರಿಗೆ ಯಾವ ರಸ್ತೆ ಎಷ್ಟು ಹೊತ್ತಿಗೆ ಕಟ್ಟಿಕೊಳ್ಳುತ್ತೆ ಅಂತ ಗೊತ್ತಿರುತ್ತೆ. ನೀರು ಬಿಡುವವರನ್ನು ಹಿಡಿದು 'ಎಷ್ಟು ದಿನಕ್ಕೊಮ್ಮೆ, ಎಷ್ಟು ಹೊತ್ತು' ಅಂತ ಕೇಳಿ. ನಲ್ಲಿಯ ಬಾಯಿ ಉಜ್ಜಿ ನೋಡಿ. ಮನೆಯಲ್ಲಿ ಇಬ್ಬರು ದುಡಿಯುವವರಿದ್ದರೆ ಎರಡನೆಯವರಿಗೆ ಕೆಲಸ ಸಿಕ್ಕ ಮೇಲೆ ಲಾರಿಗೆ ಅಡ್ವಾನ್ಸ್ ಕೊಡಿ. ನಾವು ಮಾಡದ ಕೆಲಸ ಅದು.

ಕಳೆದ ತಿಂಗಳು ನನ್ನ ಹೆಂಡತಿಗೆ ಬೆಂಗಳೂರಿನಿಂದ ಫೋನ್ ಬಂತು. ಹಳೇ ಮ್ಯಾನೇಜರ್ ಹೊಸ ಕಡೆ ಹೋಗಿದ್ದಾರೆ, ಕರೆಯುತ್ತಿದ್ದಾರೆ. ಎರಡು ದಿನ ಏನೂ ಮಾತಾಡಲಿಲ್ಲ. ಮೂರನೇ ದಿನ ಅದೇ ನೋಟ್‌ಬುಕ್ ಹುಡುಕಿ ತೆಗೆದಳು. ನಾನು ಹೋದ ಸಲ ಎಳೆದ ಎರಡು ಕಾಲಂ ಇರುವ ಪುಟ ತಿರುವಿ, ಹೊಸ ಪುಟದಲ್ಲಿ ಸ್ಕೇಲ್ ಇಟ್ಟು ನಾಲ್ಕು ಕಾಲಂ ಎಳೆದಿದ್ದಾಳೆ. ಮೇಲೆ ಊರಿನ ಹೆಸರಿಲ್ಲ. ಅತ್ತೆ, ಅವರು, ನಾನು, ಮಗಳು ಅಂತ ಬರೆದಿದ್ದಾಳೆ. ಮೂರು ಕಾಲಂ ಅರ್ಧ ತುಂಬಿವೆ. ಮಗಳದ್ದು ಖಾಲಿ ಇದೆ. ಪರೀಕ್ಷೆ ಮುಗಿಯಲಿ, ಅವಳನ್ನೇ ಕೂರಿಸಿಕೊಂಡು ಕೇಳೋಣ ಅಂದಳು.